ನಮ್ಮ ಕೆಲಸಗಾರರ ಕಣ್ಣು ನೋಡಿದವರು ಯಾರು?

ನಾಸಿಕದಲ್ಲಿ ಒಂದು, ಛತ್ರಪತಿ ಸಂಭಾಜಿನಗರದಲ್ಲಿ ಒಂದು, ಹೀಗೆ ನಮ್ಮದು ಎರಡು ಹೋಟೆಲು. (2023ರಲ್ಲಿ ಹೆಸರು ಬದಲಾದರೂ ಬಾಯಿಗೆ ಇನ್ನೂ ಔರಂಗಾಬಾದ್ ಎಂದೇ ಬರುತ್ತದೆ.) ಗ್ಯಾಸಿನ ದರ, ಕೆಲಸಗಾರರ ಕೊರತೆ ಇವುಗಳ ಬಗ್ಗೆ ನಾವು ಸೇರಿದಲ್ಲೆಲ್ಲ ಮಾತಾಡುತ್ತೇವೆ. ಈ ಸಲ ಕಣ್ಣಿನ ಬಗ್ಗೆ ಬರೆಯೋಣ ಎನಿಸಿತು. ಕಾರಣ ನಮ್ಮದೇ ಒಂದು ತಪ್ಪು.

ನಾಸಿಕದ ಹೋಟೆಲಿನಲ್ಲಿ ಕುಂದಾಪುರ ಕಡೆಯ ಭಟ್ಟರೊಬ್ಬರು 18 ವರ್ಷದಿಂದ ಇದ್ದಾರೆ. ಎರಡು ವರ್ಷದ ಹಿಂದೆ ಅವರ ಕೆಲಸ ಕೆಡತೊಡಗಿತು. ಅನ್ನದಲ್ಲಿ ಕಲ್ಲು, ಸೊಪ್ಪಿನಲ್ಲಿ ಹುಳ, ಒಂದು ದಿನ ಇಡ್ಲಿ ಹಿಟ್ಟಿಗೆ ಉಪ್ಪಿನ ಬದಲು ಸೋಡಾ. ವಯಸ್ಸಾಯಿತು, ಮನಸ್ಸು ಊರಿನಲ್ಲಿದೆ ಎಂದು ನಾವೇ ತೀರ್ಮಾನ ಮಾಡಿದೆವು. ಗಿರಾಕಿಗಳ ಎದುರೇ ಬೈದದ್ದೂ ಉಂಟು. ಕೊನೆಗೆ ಲೆಕ್ಕ ಮುಗಿಸಿ ಊರಿಗೆ ಕಳಿಸುವುದೆಂದು ಹಣ ಎಣಿಸಿಟ್ಟೆವು. ಸಹಿ ಹಾಕುವಾಗ ಭಟ್ಟರು ಪುಸ್ತಕವನ್ನು ಕೈ ನೀಡಿದಷ್ಟು ದೂರ ಹಿಡಿದು, "ಎಲ್ಲಿ ಹಾಕುವುದು ಶೆಟ್ರೇ, ಗೆರೆ ಕಾಣುವುದಿಲ್ಲ" ಎಂದರು. ಅಂದೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಪ್ಲಸ್ ಎರಡು ನಂಬರ್, ಬೇರೆ ಏನೂ ಇಲ್ಲ.

"ಮೊದಲೇ ಯಾಕೆ ಹೇಳಲಿಲ್ಲ ಭಟ್ರೇ?" ಎಂದು ಕೇಳಿದೆವು.

"ಕಣ್ಣು ಕಾಣದ ಅಡಿಗೆಯವನನ್ನು ಯಾರು ಇಟ್ಟುಕೊಳ್ಳುತ್ತಾರೆ?" ಎಂದರು. ನಮ್ಮಲ್ಲಿ ಉತ್ತರ ಇರಲಿಲ್ಲ.

ನಲವತ್ತು ದಾಟಿದ ಮೇಲೆ ಕಣ್ಣಿನೊಳಗಿನ ಮಸೂರ ಬಿರುಸಾಗಿ ಹತ್ತಿರದ್ದು ಮಸುಕಾಗುವುದು ಎಲ್ಲರಿಗೂ ಇದ್ದದ್ದೇ. ಚಾಳೀಸು ಎಂಬ ಹೆಸರು ಬಂದದ್ದೇ ಅದರಿಂದ. ಮರಾಠಿಯವರೂ ಚಾಳಿಶಿ ಎನ್ನುತ್ತಾರೆ. ಫುಟ್‌ಪಾತಿನ ರೆಡಿ ಕನ್ನಡಕದಲ್ಲಿ ಎರಡೂ ಕಣ್ಣಿಗೆ ಒಂದೇ ನಂಬರ್. ಅಕ್ಷರ ಕಾಣಬಹುದು, ಆದರೆ ಕಣ್ಣಿನ ಒತ್ತಡ, ಪೊರೆ ಇವೆಲ್ಲ ಡಾಕ್ಟರು ನೋಡಿದರೇ ತಿಳಿಯುವುದು. ಸಕ್ಕರೆ ಕಾಯಿಲೆ ಇದ್ದವರು (ಗಲ್ಲೆಯಲ್ಲಿ ಕೂರುವ ನಮ್ಮಲ್ಲಿ ಅಂಥವರಿಗೆ ಬರವಿಲ್ಲ) ಚೆನ್ನಾಗಿ ಕಂಡರೂ ವರ್ಷಕ್ಕೊಮ್ಮೆ ಕಣ್ಣಿನ ಹಿಂಭಾಗದ ಪರದೆ ತೋರಿಸಬೇಕು.

ಕನ್ನಡಕ ಬಂದರೂ ಭಟ್ಟರು ಮೊದಲ ವಾರ ಅದನ್ನು ಕಿಸೆಯಲ್ಲೇ ಇಟ್ಟರು. ಇಡ್ಲಿ ಪಾತ್ರೆ ತೆಗೆದ ಕೂಡಲೇ ಹಬೆ ಹಿಡಿದು ಏನೂ ಕಾಣದು. ಮುಚ್ಚಳವನ್ನು ಆಚೆ ಬದಿಗೆ ಎತ್ತಿ ಒಂದು ಗಳಿಗೆ ನಿಂತರೆ ಕನ್ನಡಕವೂ ಉಳಿಯಿತು, ಮುಖವೂ ಉಳಿಯಿತು. ಗಾಜು ಬೇಡ, ಪ್ಲಾಸ್ಟಿಕ್ ಲೆನ್ಸ್ ಹಾಕಿಸಿ. ಹಿಂದೆ ದಾರ ಕಟ್ಟಿಸಿ. ಜಿಡ್ಡನ್ನು ಏಪ್ರನ್ನಿನಿಂದ ಒರೆಸಿದರೆ ಗೀರು ಬೀಳುತ್ತದೆ. ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು.

ಹೊಸ ಹುಡುಗರಿಗೆ ಕನ್ನಡಕ ಬೇಡ, ಕಾಂಟ್ಯಾಕ್ಟ್ ಲೆನ್ಸ್ ಬೇಕು. ತಂದೂರಿನ ಹತ್ತಿರ ಹೋದರೆ ಲೆನ್ಸ್ ಕರಗಿ ಕಣ್ಣಿಗೆ ಅಂಟುತ್ತದೆ ಎನ್ನುವುದು ಸುಳ್ಳು. ಬಿಸಿಗೆ ಕಣ್ಣು ಒಣಗಿ ಉರಿಯಬಹುದು, ಅಷ್ಟೆ. ಈರುಳ್ಳಿ ಹೆಚ್ಚುವಾಗ ಲೆನ್ಸ್ ಹಾಕಿದವರಿಗೆ ಕಣ್ಣೀರು ಕಡಿಮೆಯಂತೆ; ಲಾಸಲಗಾಂವ್ ಮಾರ್ಕೆಟ್ ಇರುವ ಜಿಲ್ಲೆಯವರಿಗೆ ಇದು ಲಾಭವೇ! ಆದರೆ ಮೆಣಸಿನಕಾಯಿ ಹಾಗಲ್ಲ. ಅದರ ಖಾರ ಎಣ್ಣೆಯಂತೆ ಬೆರಳಿಗೆ ಹಿಡಿದಿರುತ್ತದೆ, ಒಮ್ಮೆ ಸೋಪು ಹಾಕಿದರೆ ಪೂರ್ತಿ ಹೋಗುವುದಿಲ್ಲ. ಅದೇ ಬೆರಳಿನಿಂದ ರಾತ್ರಿ ಲೆನ್ಸ್ ತೆಗೆದರೆ ಆ ಹುಡುಗ ಮಲಗಿದ ಹಾಗೆಯೇ. ಲೆನ್ಸ್ ಹಾಕುವವರು ಮೆಣಸಿನಕಾಯಿ ಮುಟ್ಟುವಾಗ ಕೈಗವಸು ಹಾಕಲಿ. ನಲ್ಲಿ ನೀರಿನಲ್ಲಿ, ಟ್ಯಾಂಕಿ ನೀರಿನಲ್ಲಿ ಲೆನ್ಸ್ ತೊಳೆಯಲೇಬಾರದು. ಆ ನೀರಿನಲ್ಲಿರುವ ಅಮೀಬಾ ಜಾತಿಯ ಒಂದು ಜೀವಿ ಕಣ್ಣಿನ ಕರಿಗುಡ್ಡೆಯನ್ನೇ ತಿಂದು ಹಾಕಬಲ್ಲದು. ಲೆನ್ಸ್ ಹಾಕಿಕೊಂಡು ಮಲಗುವುದೂ ಬೇಡ.

ಸಂಭಾಜಿನಗರದಲ್ಲಿ ಆದದ್ದು ಇನ್ನೂ ಕೆಟ್ಟದ್ದು. ಮೋರಿ ತೊಳೆಯುವ ಹುಡುಗನ ಕಣ್ಣಿಗೆ ಕಾಸ್ಟಿಕ್ ಸೋಡಾ ಸಿಡಿಯಿತು. ನಾವು ಹತ್ತಿರವೇ ಇದ್ದೆವು. ಒಬ್ಬ ಹಾಲು ತಾ ಎಂದ, ಇನ್ನೊಬ್ಬ ಗುಲಾಬಿ ನೀರು ಎಂದ, ರಿಕ್ಷಾ ಹುಡುಕುವುದರಲ್ಲಿ ಹತ್ತು ನಿಮಿಷ ಹೋಯಿತು. ನಲ್ಲಿ ಎರಡು ಹೆಜ್ಜೆ ದೂರದಲ್ಲಿತ್ತು! ಕ್ಷಾರ ಆಸಿಡ್‌ಗಿಂತ ಆಳಕ್ಕೆ ಇಳಿಯುತ್ತದೆ, ತಡವಾದ ಒಂದೊಂದು ನಿಮಿಷಕ್ಕೂ ಸುಡುತ್ತಲೇ ಹೋಗುತ್ತದೆ ಎಂದು ಡಾಕ್ಟರು ಆಮೇಲೆ ಹೇಳಿದರು. ಆ ಕಣ್ಣಿನಲ್ಲಿ ಇಂದಿಗೂ ಮಂಜು ಮಂಜು. ಅಂಥದ್ದು ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು ಕೂಡಲೇ ನೀರು ಹರಿಸಬೇಕು, ಕಡಿಮೆಯೆಂದರೂ ಅರ್ಧ ಗಂಟೆ. ಲೆನ್ಸ್ ಇದ್ದರೆ ಅದನ್ನು ತೆಗೆಯಲೆಂದು ಕಾಯಬಾರದು, ತೊಳೆಯುತ್ತಲೇ ತೆಗೆಯಬೇಕು. ಆಮೇಲೆ ಆಸ್ಪತ್ರೆ. ಪಾನ್ ಕೌಂಟರಿನ ಸುಣ್ಣಕ್ಕೂ ಇದೇ ಮಾತು. ಮೋರಿ ಕೆಲಸಕ್ಕೆ ಈಗ ಕಣ್ಣು ಮುಚ್ಚುವ ಗಾಗಲ್ ತಂದಿಟ್ಟಿದ್ದೇವೆ.

2023ರ ಮಳೆಗಾಲದಲ್ಲಿ ಮಹಾರಾಷ್ಟ್ರದಲ್ಲೆಲ್ಲ ಕೆಂಗಣ್ಣು ಹರಡಿದ್ದು ನೆನಪಿರಬಹುದು. ರೂಮಿನಲ್ಲಿ ಎಂಟು ಹುಡುಗರಿಗೆ ಒಂದು ಟವೆಲು ಇದ್ದರೆ ಮತ್ತೇನಾದೀತು? ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ಡ್ರಾಪ್ಸಿನಲ್ಲಿ ಸ್ಟೀರಾಯ್ಡ್ ಇದ್ದರೆ, ತಿಂಗಳುಗಟ್ಟಲೆ ಹಾಕಿದಾಗ ಕಣ್ಣಿನ ಒತ್ತಡ ಏರಿ ದೃಷ್ಟಿಯೇ ಹೋಗಬಹುದು.

ಫುಡ್ ಲೈಸನ್ಸಿಗಾಗಿ ಕೆಲಸಗಾರರ ವಾರ್ಷಿಕ ಮೆಡಿಕಲ್ ಸರ್ಟಿಫಿಕೇಟ್ ನಾವೆಲ್ಲ ಮಾಡಿಸುತ್ತೇವೆ. 2011ರ ನಿಯಮದ ಆ ನಮೂನೆಯಲ್ಲಿ ದೇಹ ತಪಾಸಣೆಯ ನಂತರ ಎರಡನೇ ಸಾಲೇ ಕಣ್ಣಿನ ಪರೀಕ್ಷೆ. ಭಟ್ಟರ ಹೆಸರಿನಲ್ಲೂ ಆ ಕಾಗದ ವರ್ಷ ವರ್ಷ ಬಂದಿದೆ, ನಾವು ಫೈಲಿಗೆ ಹಾಕಿದ್ದೇವೆ. ಅಕ್ಷರದ ಚಾರ್ಟನ್ನು ಅವರ ಎದುರು ಯಾರೂ ಒಮ್ಮೆಯೂ ಹಿಡಿದಿರಲಿಲ್ಲ.

ಈಗ ಮೆಡಿಕಲ್ ದಿನ ಎರಡೂ ಹೋಟೆಲಿಗೆ ಕಣ್ಣು ಪರೀಕ್ಷೆ ಮಾಡುವವರನ್ನೂ ಕರೆಸುತ್ತೇವೆ. ಕನ್ನಡಕದ ಖರ್ಚು ಹೋಟೆಲಿನದು, ಪಗಾರದಲ್ಲಿ ಮುರಿಯುವುದಿಲ್ಲ. ನಂಬರ್ ಬಂತೆಂದು ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟೆವು, ಇಲ್ಲದಿದ್ದರೆ ಹುಡುಗರು ಚಾರ್ಟನ್ನು ಬಾಯಿಪಾಠ ಮಾಡಿ ಬರುತ್ತಾರೆ. ಕಳೆದ ಸಲ ನಮ್ಮ ನಂಬರೂ ಬದಲಾಗಿತ್ತು.