ಬಂದರಿನ ತಟ್ಟೆಯಲ್ಲಿ ಮುದ್ದೆಯ ತವರು

ಉಗಾಲಿ ತಂದಿಟ್ಟಾಗ ಇನ್ನೂ ಹಬೆಯಾಡುತ್ತಿತ್ತು. ಬಿಳಿ ಮೆಕ್ಕೆಜೋಳದ ಹಿಟ್ಟನ್ನು ಕುದಿನೀರಿಗೆ ಹಾಕಿ, ಮರದ ಕೋಲಿನಲ್ಲಿ ತಿರುವಿ ತಿರುವಿ ಗಟ್ಟಿ ಮಾಡಿ, ಬಟ್ಟಲು ಕವುಚಿ ತಟ್ಟೆಗೆ ಇಳಿಸಿದ್ದು. ಪಕ್ಕದಲ್ಲಿ ತೆಂಗಿನಹಾಲಲ್ಲಿ ಬೆಂದ ದಂಟಿನ ಸೊಪ್ಪು. ಇನ್ನೊಂದು ತಟ್ಟೆಯಲ್ಲಿ ಕೆಂಡದ ಮೇಲೆ ಸುಟ್ಟು, ಹುಣಸೆಹುಳಿ ಬೆರೆತ ತೆಂಗಿನಹಾಲಿನ ಗೊಜ್ಜು ಬಳಿದ ಇಡೀ ಮೀನು. ಬಡಿಸಿದ ಹುಡುಗ ಚಮಚ ತರಲು ತಿರುಗಿದ. ಬೇಡವೆಂದು ಹೇಳಿ, ಕೈ ತೊಳೆದುಕೊಂಡು ಬಂದು ಕೂತೆ. ಅವನ ಮುಖ ಅರಳಿತು.

ಮೊದಲ ತುತ್ತಿಗೇ ತಪ್ಪಿದೆ. ಮಂಡ್ಯ ಕಡೆಯವಳು ನಾನು. ಮುರಿದು, ಸಾರಿನಲ್ಲಿ ಅದ್ದಿ, ನುಂಗಿಬಿಟ್ಟೆ. ಹುಡುಗ ತಲೆಯಾಡಿಸಿ ತೋರಿಸಿಕೊಟ್ಟ. ಸಣ್ಣ ಚೂರು ಕಿತ್ತು ಅಂಗೈಯಲ್ಲಿ ಉಂಡೆ ಮಾಡಬೇಕು. ಹೆಬ್ಬೆರಳಿನಿಂದ ಒತ್ತಿ ಗುಳಿ ತೆಗೆದು, ಆ ಗುಳಿಯಲ್ಲಿ ಸೊಪ್ಪನ್ನು ಎತ್ತಿಕೊಳ್ಳಬೇಕು. ಆಮೇಲೆ ಚೆನ್ನಾಗಿ ಅಗಿಯಬೇಕು. ನಮ್ಮಲ್ಲಿ ಮುದ್ದೆ ಅಗಿಯುವವರನ್ನು ಕಂಡರೆ ಹಿರಿಯರು ನಗುತ್ತಾರೆ. ಇಲ್ಲಿ ಅಗಿಯದವರಿಗೆ ಉಗಾಲಿಯ ಸಿಹಿ ಸಿಗುವುದೇ ಇಲ್ಲ.

ಇದು ಜಾಂಜಿಬಾರಿನ ಸ್ಟೋನ್ ಟೌನ್. ಬಂದರಿಗೆ ಮುಖ ಮಾಡಿದ ಹೋಟೆಲೊಂದರ ಮಹಡಿಯ ಜಗಲಿ. ಕೆಳಗೆ ಫೊರೊಧಾನಿ ತೋಟ. ಸಂಜೆಯಾದರೆ ಊರಿನ ಹುಡುಗರು ಅದರ ಕಟ್ಟೆಯ ಮೇಲೆ ಓಡಿಬಂದು ಒಬ್ಬರ ಹಿಂದೊಬ್ಬರು ಸಮುದ್ರಕ್ಕೆ ಹಾರುತ್ತಾರೆ. ಕತ್ತಲಾಗುತ್ತಿದ್ದಂತೆ ಗಾಡಿಗಳ ದೀಪ ಹತ್ತುತ್ತವೆ, ಕಬ್ಬಿನ ಗಾಣ ತಿರುಗತೊಡಗುತ್ತದೆ. ಬಲಕ್ಕೆ 1883ರಲ್ಲಿ ಸುಲ್ತಾನ ಬರ್ಗಶ್ ಕಟ್ಟಿಸಿದ ಅಚ್ಚರಿಯ ಮನೆ, ಬೈತುಲ್ ಅಜಾಯಿಬ್. 2020ರ ಡಿಸೆಂಬರಿನಲ್ಲಿ ಅದರ ಒಂದು ಭಾಗ ಕುಸಿದುಬಿತ್ತು. ಇಂಥ ಕಟ್ಟಡ ಮುಕ್ಕಾಗಿ ನಿಂತದ್ದನ್ನು ನೋಡುತ್ತ ಉಣ್ಣುವುದು ಸಂಕಟವೇ.

ಫೊರೊಧಾನಿ ಎಂದರೆ ಸುಂಕದಕಟ್ಟೆ. 19ನೆಯ ಶತಮಾನದಲ್ಲಿ ಬಹುಕಾಲ ಇಲ್ಲಿನ ಸುಂಕ ವಸೂಲಿಯ ಗುತ್ತಿಗೆ ಹಿಡಿದಿದ್ದವರು ಜೈರಾಮ್ ಶಿವಜಿ ಮನೆತನದ ಕಚ್ಛಿ ವರ್ತಕರು. ಹಾಗಾಗಿ ಇಲ್ಲಿನ ಊಟದ ಪಟ್ಟಿ ಓದುವಾಗ ಭಾರತದಿಂದ ಬಂದವರಿಗೆ ಹಿಗ್ಗಾಗುವುದು ಸಹಜ. ಚಪಾತಿ, ಬಜಿಯಾ, ಕಚೋರಿ, ಬಿರಿಯಾನಿ, ಅಚಾರಿ, ಎಲ್ಲವೂ ಸ್ವಾಹಿಲಿಯೊಳಗೆ ಒಕ್ಕಲಾಗಿವೆ. ತೊಗರಿಯನ್ನು ತೆಂಗಿನಹಾಲಲ್ಲಿ ಬೇಯಿಸಿ ಬೆಳಗಿನ ತಿಂಡಿಗೆ ತಿನ್ನುತ್ತಾರೆ. ಆ ತೊಗರಿಯೂ ಭಾರತದಿಂದ ಹೋದದ್ದು. ಪಕ್ಕದ ಮೇಜಿನಲ್ಲಿದ್ದ ಭಾರತದ ಕುಟುಂಬವೊಂದು ಪಟ್ಟಿ ನೋಡಿ ‘ಎಲ್ಲ ನಮ್ಮದೇ’ ಎಂದು ಸಂಭ್ರಮಿಸುತ್ತಿತ್ತು. ಮಧ್ಯಾಹ್ನ ಓಣಿಯ ಅಂಗಡಿಯೊಂದರಲ್ಲಿ ಉರೋಜೊ ತಿನ್ನುವಾಗ ನನಗೂ ಹಾಗೆಯೇ ಅನಿಸಿತ್ತು. ಅರಿಸಿನ ಬಣ್ಣದ ಹುಳಿಹುಳಿ ತಿಳಿಸಾರು, ಅದರೊಳಗೆ ಬಜಿಯಾ, ಆಲೂಗಡ್ಡೆ, ಸುಟ್ಟ ಮಾಂಸದ ತುಂಡು, ತೆಂಗಿನ ಚಟ್ನಿ, ಮೇಲೆ ಗರಿಗರಿ ಮರಗೆಣಸಿನ ಎಳೆಗಳು. ಜಾಂಜಿಬಾರಿಗೆ ಹೋದವರು ಬೇರೇನು ಬಿಟ್ಟರೂ ಇದನ್ನು ಬಿಡಬಾರದು.

ಆದರೆ ಉಗಾಲಿಯ ಮುಂದೆ ಕೂತಾಗ ‘ಎಲ್ಲ ನಮ್ಮದೇ’ ಎಂಬ ಮಾತು ಗಂಟಲಲ್ಲೇ ನಿಂತಿತು. ಹುಡುಗನನ್ನು ಕೇಳಿದೆ: ಮೆಕ್ಕೆಜೋಳವಲ್ಲದೆ ಬೇರೆ ಹಿಟ್ಟಿನಲ್ಲೂ ಇದನ್ನು ಮಾಡುತ್ತಾರಾ? ಅವನು ದ್ವೀಪದವನಲ್ಲ, ದೊಡ್ಡ ಸರೋವರದ ದಡದ ಮ್ವಾಂಜಾ ಕಡೆಯವನು. ‘ನಮ್ಮಜ್ಜಿ ಉಲೆಜಿಯಲ್ಲಿ ಮಾಡುತ್ತಿದ್ದಳು. ಕಂದುಬಣ್ಣಕ್ಕಿರುತ್ತದೆ. ಈಗ ಅದನ್ನು ಹೆಚ್ಚಾಗಿ ಗಂಜಿಗೆ ಬಳಸುತ್ತಾರೆ. ಮಕ್ಕಳಿಗೆ, ಬಾಣಂತಿಯರಿಗೆ ಒಳ್ಳೆಯದು’ ಎಂದ.

ಉಲೆಜಿ ಎಂದರೆ ರಾಗಿ.

ರಾಗಿ ಹುಟ್ಟಿದ್ದು ಅಲ್ಲೇ, ಇಥಿಯೋಪಿಯಾದಿಂದ ಉಗಾಂಡಾದವರೆಗಿನ ಎತ್ತರದ ನೆಲದಲ್ಲಿ. ಕಾಡುಹುಲ್ಲನ್ನು ಆರಿಸಿ, ಬಿತ್ತಿ, ತೆನೆ ಬಲಿಯುವಂತೆ ಪಳಗಿಸಿದವರು ಅಲ್ಲಿನ ರೈತರು. ಸಾವಿರಾರು ವರ್ಷಗಳ ಹಿಂದೆ ಅದು ಸಮುದ್ರ ದಾಟಿ ನಮ್ಮ ಕೆಮ್ಮಣ್ಣಿಗೆ ಬಂತು. ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಯೊಡನೆ ಜಗಳಕ್ಕಿಳಿಸಿ ಗೆಲ್ಲಿಸಿದ್ದು ಆಫ್ರಿಕದ ಈ ಕಾಳನ್ನೇ. ಕೂಸಿಗೆ ಮೊದಲು ತಿನ್ನಿಸುವ ರಾಗಿ ಸರಿ ಹಳೇ ಮೈಸೂರಿನದೇ ಎಂದುಕೊಂಡಿದ್ದೆ. ಮ್ವಾಂಜಾದ ತಾಯಂದಿರೂ ಅದನ್ನೇ ಕಲಸುತ್ತಿದ್ದಾರೆ.

ರಾಗಿ ಒಂದೇ ಅಲ್ಲ. ಉತ್ತರ ಕರ್ನಾಟಕದ ರೊಟ್ಟಿಯ ಜೋಳವೂ ಆಫ್ರಿಕದ್ದು. ಪೂರ್ವ ಸೂಡಾನಿನಲ್ಲಿ ಅದನ್ನು ಸುಮಾರು 5000 ವರ್ಷಗಳ ಹಿಂದೆಯೇ ಬೆಳೆಯುತ್ತಿದ್ದ ಕುರುಹು ಸಿಕ್ಕಿದೆ. ಸಂಕ್ರಾಂತಿಗೆ ಎಳ್ಳು ಹಚ್ಚಿ ತಟ್ಟುವ ಸಜ್ಜೆ ಸಹಾರಾದ ದಕ್ಷಿಣದ ಅಂಚಿನದು. ಅಲಸಂದೆಯೂ ಅಲ್ಲಿನದೇ. ಹುಣಸೆಯ ಮೂಲವೂ ಆಫ್ರಿಕವೇ. ನಮ್ಮಲ್ಲಿ ಎಷ್ಟು ಹಿಂದೆ ಬೇರೂರಿತೆಂದರೆ ಅರಬರು ಅದನ್ನು ‘ಭಾರತದ ಖರ್ಜೂರ’ ಎಂದೇ ಕರೆದರು. ಮುದ್ದೆ, ರೊಟ್ಟಿ, ಹುಳಿ, ಕಾಳಿನ ಸಾರು: ಇವಿಲ್ಲದ ಕನ್ನಡದ ಅಡುಗೆಮನೆಯನ್ನು ನೆನೆಯಲಾದೀತೆ? ನಾವು ಅವರಿಗೆ ಕೊಟ್ಟ ಚಪಾತಿ, ಕಚೋರಿಗಳ ಲೆಕ್ಕ ಎಲ್ಲರಿಗೂ ಬಾಯಿಪಾಠ. ನಮ್ಮ ಊಟದ ತಳಪಾಯವನ್ನೇ ಹಾಕಿಕೊಟ್ಟವರ ಲೆಕ್ಕವನ್ನು ಮಾತ್ರ ಶಾಲೆಯಲ್ಲಾಗಲಿ ಮನೆಯಲ್ಲಾಗಲಿ ಯಾರೂ ನನಗೆ ಹೇಳಿರಲಿಲ್ಲ.

ಎದುರಿನ ನೀರಿನಲ್ಲಿ ಓರೆಹಾಯಿಯ ಹಡಗೊಂದು ಒಳಬರುತ್ತಿತ್ತು. ಇಲ್ಲಿನವರಿಗೆ ಗಾಳಿ ಎರಡು. ಡಿಸೆಂಬರಿನ ಹೊತ್ತಿಗೆ ಉತ್ತರದಿಂದ ಬೀಸುವುದು ಕಸ್ಕಜಿ. ಅರೇಬಿಯ, ಗುಜರಾತುಗಳ ಹಡಗುಗಳು ಅದನ್ನೇರಿ ಬರುತ್ತಿದ್ದವು. ಮಳೆಗಾಲಕ್ಕೆ ಮುನ್ನ ದಕ್ಷಿಣದಿಂದ ಏಳುವುದು ಕುಸಿ. ಅವು ಹಿಂದಿರುಗುತ್ತಿದ್ದುದು ಅದರ ಬೆನ್ನ ಮೇಲೆ. ಅದೇ ಕುಸಿ ಆಫ್ರಿಕದ ಕರಾವಳಿಯುದ್ದಕ್ಕೂ ಓಡಿ, ಅರಬ್ಬೀ ಸಮುದ್ರ ದಾಟಿ, ಜೂನಿನಲ್ಲಿ ನಮ್ಮ ಘಟ್ಟಕ್ಕೆ ಅಪ್ಪಳಿಸಿದಾಗ ನಾವು ಮುಂಗಾರು ಎನ್ನುತ್ತೇವೆ. ಮಂಗಳೂರಿನ ಹೆಂಚು ಕೂಡ ಸಮುದ್ರದ ಮೇಲೆಯೇ ಪೂರ್ವ ಆಫ್ರಿಕಕ್ಕೆ ಹೋಗಿ ಅಲ್ಲಿನ ಮನೆಗಳ ಮೇಲೆ ಕೂತಿತು.

ಆ ಸಮುದ್ರದಲ್ಲಿ ಮನುಷ್ಯರನ್ನೂ ಸಾಗಿಸಿದರು. ಇಲ್ಲಿನ ಪಿಲಾವಿನ ಘಮಕ್ಕೆ ಕಾರಣವಾದ ಲವಂಗದ ತೋಟಗಳನ್ನು ಬೆಳೆಸಿದ್ದು ಗುಲಾಮರ ದುಡಿಮೆ. ಜಾಂಜಿಬಾರಿನ ಗುಲಾಮರ ಸಂತೆ ಮುಚ್ಚಿದ್ದು 1873ರಲ್ಲಿ. ಆ ಜಾಗದಲ್ಲಿ ಈಗ ಚರ್ಚು ನಿಂತಿದೆ, ಈ ಜಗಲಿಯಿಂದ ನಡೆದು ಹೋಗುವಷ್ಟು ಹತ್ತಿರ. ಪೋರ್ಚುಗೀಸರು ಇದೇ ಖಂಡದಿಂದ ಗೋವೆಗೆ ಹಿಡಿದು ತಂದು, ಅಲ್ಲಿಂದ ತಪ್ಪಿಸಿಕೊಂಡು ಕಾಡು ಸೇರಿದವರ ಮೊಮ್ಮಕ್ಕಳು ಯಲ್ಲಾಪುರ, ಹಳಿಯಾಳ, ಮುಂಡಗೋಡಗಳಲ್ಲಿದ್ದಾರೆ. ಈ ಸಿದ್ದಿಗಳನ್ನು ಇಂದಿಗೂ ‘ನೀವು ಯಾವ ದೇಶದವರು’ ಎಂದು ಕೇಳುವ ಜನರಿದ್ದಾರೆ. ಕೇಳುವವರ ತಟ್ಟೆಯಲ್ಲಿ ಜೋಳದ ರೊಟ್ಟಿ ಇರುತ್ತದೆ. ಇದು ನನಗೆ ಸಹಿಸಲಾಗದ ಮಾತು.

ಊಟದ ಕೊನೆಗೆ ಹುಡುಗ ಚಿಕ್ಕ ಬಟ್ಟಲಲ್ಲಿ ಉಬುಯು ತಂದಿಟ್ಟ. ಬಾವೋಬಾಬ್ ಮರದ ಬೀಜಕ್ಕೆ ಕೆಂಪು ಸಕ್ಕರೆ ಪಾಕ ಹಿಡಿಸಿದ್ದು. ಬಾಯಿಗೆ ಹಾಕಿದರೆ ಮೊದಲು ಸಿಹಿ, ಆಮೇಲೆ ಬೀಜಕ್ಕೆ ಅಂಟಿದ ತಿರುಳಿನ ಹುಳಿ. ಸವಣೂರಿನಲ್ಲಿ ಇದೇ ಜಾತಿಯ ದೈತ್ಯ ಮರಗಳಿವೆ, ಊರವರು ಅವನ್ನು ದೊಡ್ಡ ಹುಣಸೆ ಮರ ಎನ್ನುತ್ತಾರೆ. ಎಲೆಯಲ್ಲಾಗಲಿ ಕಾಂಡದಲ್ಲಾಗಲಿ ಹುಣಸೆಯ ಹೋಲಿಕೆಯೇ ಇಲ್ಲದ ಮರಕ್ಕೆ ಆ ಹೆಸರೇಕೆಂದು ಅಂದು ನಾಲಿಗೆಗೆ ತಿಳಿಯಿತು.

ಮರುದಿನ ದರಾಜಾನಿ ಮಾರುಕಟ್ಟೆಯಲ್ಲಿ ಎಲ್ಲರೂ ಲವಂಗ, ಏಲಕ್ಕಿ ಕಟ್ಟಿಸಿಕೊಳ್ಳುತ್ತಿದ್ದಾಗ ನಾನು ಒಂದು ಕಿಲೊ ಉಲೆಜಿ ಹಿಟ್ಟು ಕೊಂಡೆ. ಊರಿಗೆ ಬಂದು ಏನೂ ಹೇಳದೆ ಅಮ್ಮನ ಮುಂದಿಟ್ಟೆ. ಅಮ್ಮ ಚಿಟಿಕೆ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿ, ಮೂಸಿ, ಎಸರಿಟ್ಟರು.

‘ರಾಗಿ ಚೆನ್ನಾಗದೆ ಕಣವ್ವ’ ಅಂದರು. ‘ಯಾವ ಮಿಲ್ಲಲ್ಲಿ ಬೀಸ್ಸಿದ್ದು? ವಸಿ ತರಿಯಾಗದೆ.’