ಅಂಬಾಸಿಡರ್ ವೈಪರ್ ನಿಂತರೆ ಮೊದಲು ಮೋಟರನ್ನು ಬೈಯಬೇಡಿ

ಮೇ ತಿಂಗಳ ಸಂಜೆ ಮಳೆ. ಬೆಂಗಳೂರಿನ ಪೀಣ್ಯದ ಮೇಲ್ಸೇತುವೆ ಹತ್ತಿದ್ದೀರಿ. ಮುಂದಿನ ಲಾರಿ ಕೆಸರು ಎರಚುತ್ತಿದೆ. ನಿಮ್ಮ ಹಳೇ ಅಂಬಾಸಿಡರಿನ ವೈಪರ್ ಅರ್ಧ ಗಾಜಿನವರೆಗೆ ತೆವಳಿ ನಿಂತುಬಿಟ್ಟಿತು. ಮಾರನೇ ದಿನ ಗ್ಯಾರೇಜಿಗೆ ಹೋದರೆ ಸಿಗುವ ಮಾತು ಸಾಮಾನ್ಯವಾಗಿ ಒಂದೇ: "ಮೋಟರ್ ಹೋಗಿದೆ ಸಾರ್." ಸ್ವಲ್ಪ ತಾಳಿ. ಎಷ್ಟೋ ಸಲ ಅದರ ತಪ್ಪೇ ಇರುವುದಿಲ್ಲ.

ಮೊದಲು ಒಳಗೇನಿದೆ ನೋಡೋಣ. ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ವಂಶದ್ದು. ಇದರಲ್ಲಿ ಮೋಟರ್ ತಿರುಗಿದಾಗ ರ‍್ಯಾಕ್ ಎಂಬ ತಂತಿ ಹಿಂದಕ್ಕೂ ಮುಂದಕ್ಕೂ ಆಡುತ್ತದೆ. ತಂತಿಯ ಮೇಲೆ ಸ್ಕ್ರೂನಂತೆ ಸುರುಳಿ ಸುತ್ತಿರುತ್ತದೆ. ಗಾಜಿನ ಕೆಳಗೆ ಎರಡು ವೀಲ್‌ಬಾಕ್ಸ್‌ಗಳಿವೆ, ಅಂದರೆ ಹಲ್ಲಿನ ಚಕ್ರವಿರುವ ಪುಟ್ಟ ಡಬ್ಬಿಗಳು. ತಂತಿ ಆಡಿದಂತೆ ಚಕ್ರ ತಿರುಗುತ್ತದೆ. ಚಕ್ರದ ನಡುವಿನ ಸ್ಪಿಂಡಲ್ ಹೊರಗೆ ಚಾಚಿಕೊಂಡು ವೈಪರ್ ತೋಳನ್ನು ಆಡಿಸುತ್ತದೆ. ತಂತಿ ಬದಲು ಲಿಂಕ್ ಕಡ್ಡಿಗಳಿರುವ ಕಾರೂ ಉಂಟು. ಅದಕ್ಕೂ ಪರೀಕ್ಷೆಯ ಕ್ರಮ ಇದೇ.

ಎರಡೂ ತೋಳನ್ನು ಗಾಜಿನಿಂದ ಎತ್ತಿ ನಿಲ್ಲಿಸಿ ಸ್ವಿಚ್ ಹಾಕಿ. ಚುರುಕಾಗಿ ಆಡಿದವೇ? ಹಾಗಾದರೆ ದೋಷ ರಬ್ಬರಿನದು. ಬಿಸಿಲಲ್ಲಿ ನಿಂತು ನಿಂತು ಗಟ್ಟಿಯಾಗಿ ಗಾಜಿಗೆ ಕಚ್ಚಿಕೊಳ್ಳುತ್ತಿದೆ. ಬ್ಲೇಡ್ ಬದಲಿಸಿ. ಅಂಗಡಿಗೆ ಹಳೇ ಬ್ಲೇಡನ್ನೇ ಒಯ್ಯಿರಿ. ಈಗಿನ ಕೊಕ್ಕೆ ಮಾದರಿಯದು ಹಳೇ ತೋಳಿಗೆ ಕೂರದೇ ಹೋಗಬಹುದು.

ತೋಳು ಎತ್ತಿದರೂ ನಿಧಾನವೇ? ರ‍್ಯಾಕ್ ಕಳಚಿ ಮೋಟರ್ ಒಂದನ್ನೇ ಓಡಿಸಿ. ಸಲೀಸಾಗಿ ತಿರುಗಿದರೆ ತೊಡಕು ತಂತಿಯಲ್ಲೋ ವೀಲ್‌ಬಾಕ್ಸಿನಲ್ಲೋ ಇದೆ. ಅಲ್ಲಿನ ಹಳೇ ಗ್ರೀಸ್ ಮೇಣದಂತೆ ಗಟ್ಟಿಯಾಗಿರುತ್ತದೆ. ತೋಳುಗಳನ್ನು ತೆಗೆದಿಟ್ಟು ತಂತಿಯನ್ನು ಪೂರ್ತಿ ಹೊರಗೆಳೆಯಿರಿ. ಡೀಸೆಲಿನಲ್ಲಿ ತೊಳೆದು, ಒರೆಸಿ, ಹೊಸ ಗ್ರೀಸ್ ಸವರಿ.

ತಂತಿ ಹೊರಗಿರುವಾಗಲೇ ಇನ್ನೊಂದು ಕೆಲಸ ಮುಗಿಸಿಕೊಳ್ಳಿ. ವೈಪರ್ ತೋಳು ಪೂರ್ತಿ ಸುತ್ತು ಹಾಕುವುದಿಲ್ಲವಲ್ಲ, ಹಾಗಾಗಿ ಚಕ್ರದ ಒಂದು ಬದಿಯ ಹಲ್ಲು ಮಾತ್ರ ಸವೆದಿರುತ್ತದೆ. ಸ್ಪಿಂಡಲನ್ನು ಅರ್ಧ ಸುತ್ತು ತಿರುಗಿಸಿ ತಂತಿ ತೂರಿಸಿದರೆ ಸವೆಯದ ಹಲ್ಲು ಕೆಲಸಕ್ಕೆ ಬರುತ್ತದೆ. ಖರ್ಚು ಸೊನ್ನೆ. ಇಡೀ ರಿಪೇರಿಯಲ್ಲಿ ನನಗೆ ಅಚ್ಚುಮೆಚ್ಚಿನ ಭಾಗ ಇದು.

ಒಂಟಿ ಮೋಟರೂ ತೆವಳುತ್ತದೆಯೇ? ಎಲೆಕ್ಟ್ರಿಷಿಯನ್ ಹತ್ತಿರ ಬ್ಯಾಟರಿಯಿಂದ ನೇರವಾಗಿ 12 ವೋಲ್ಟ್ ಕೊಡಿಸಿ ನೋಡಿ. ಆಗ ಓಡಿದರೆ ಸುಟ್ಟ ಸ್ವಿಚ್ಚೋ ತುಕ್ಕು ಹಿಡಿದ ಅರ್ಥ್ ಜೋಡಣೆಯೋ ಕಾರಣ. ಅರ್ಥ್ ಎಂದರೆ ಕರೆಂಟ್ ಕಾರಿನ ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ದಾರಿ. ದೋಷ ಅರ್ಥ್‌ನಲ್ಲಿದ್ದರೆ ಆ ಜೋಡಣೆಯನ್ನು ಚೆನ್ನಾಗಿ ಉಜ್ಜಿ ಬಿಗಿ ಮಾಡಿದರೆ ಸಾಕು. ನೇರ ಕರೆಂಟಿಗೂ ಓಡದಿದ್ದರೆ ಮಾತ್ರ ಮೋಟರ್ ಬಿಚ್ಚಿಸಿ. ಬಿಚ್ಚಿದಾಗಲೂ ಮೊದಲು ನೋಡಬೇಕಾದದ್ದು ಕಾರ್ಬನ್ ಬ್ರಷ್, ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ಪುಟ್ಟ ತುಂಡು. ಸವೆದಿದ್ದರೆ ಅದನ್ನಷ್ಟೇ ಬದಲಿಸಬಹುದು.

ಬ್ಲೇಡು, ಬ್ರಷ್ಷಿನ ಖರ್ಚು ನೂರುಗಳ ಲೆಕ್ಕ. ಮೋಟರೇ ಬೇಕೆಂದರೆ ಸಾವಿರಗಳ ಲೆಕ್ಕ. ಬಿಡಿಭಾಗಕ್ಕೆ ಜೆ.ಸಿ. ರಸ್ತೆ, ಹಳೇ ಸಾಮಾನಿಗೆ ಶಿವಾಜಿನಗರದ ಗುಜರಿ. ಅಲ್ಲೂ "ಬರೋದು ನಿಂತೋಗಿದೆ" ಅಂದರೆ ಪೀಣ್ಯಕ್ಕೆ ಬನ್ನಿ. ಸ್ಪಿಂಡಲ್ ಲೊಡಲೊಡ ಅಲ್ಲಾಡುವಷ್ಟು ಅದರ ಸುತ್ತಲಿನ ಬಳೆ, ಅಂದರೆ ಬುಷ್, ಸವೆದಿದ್ದರೆ ಲೇತಿನವರು ಹಿತ್ತಾಳೆಯಲ್ಲಿ ಹೊಸದು ಮಾಡಿಕೊಡುತ್ತಾರೆ. ದೊಡ್ಡ ಕಾರ್ಖಾನೆಗಳು ಒಂದೇ ಪೀಸಿನ ಕೆಲಸ ಮುಟ್ಟುವುದು ಕಡಿಮೆ. ಒಳರಸ್ತೆಗಳಲ್ಲಿ ಒಂದೆರಡು ಲೇತ್ ಇರುವ ಶೆಡ್ ಹುಡುಕಿ. ಬಾಯಲ್ಲಿ ಅಳತೆ ಹೇಳಬೇಡಿ, ಸವೆದ ವೀಲ್‌ಬಾಕ್ಸನ್ನೇ ಕೈಗಿಡಿ. ದರ ಮೊದಲೇ ಮಾತಾಡಿ.

ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ. ಹಾಗಾಗಿ ಈಗ ಓಡುತ್ತಿರುವವೆಲ್ಲ ಹಳೆಯವೇ. ಖಾಸಗಿ ಕಾರಿಗೆ 15 ವರ್ಷ ತುಂಬಿದರೆ ನೋಂದಣಿ ನವೀಕರಣಕ್ಕೆ ಆರ್‌ಟಿಒ ಮುಂದೆ ನಿಲ್ಲಿಸಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 101ನೆಯದು ವೈಪರಿನದೇ. ಕೆಲಸ ಮಾಡುವ ವೈಪರ್ ಕಡ್ಡಾಯ. ಆರ್‌ಟಿಒದಲ್ಲಿ ಸ್ವಿಚ್ ಹಾಕಿ ತೋರಿಸಿ ಎಂದರೆ ಗಾಜಿಗೆ ಮೊದಲು ಒಂದು ಚೊಂಬು ನೀರು ಸುರಿಯಿರಿ. ಒಣ ಗಾಜಿನ ಮೇಲೆ ಆಡಿಸಿದರೆ ಹೊಸ ರಬ್ಬರೂ ಹಾಳು, ಗಾಜಿಗೂ ಗೀರು.