ಹದಿನೆಂಟನೆಯ ಸ್ಥಾನದ ಬೆಲೆ

2023ರ ಜುಲೈ 1ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಸ್ಯಾಫ್ ಚಾಂಪಿಯನ್‌ಷಿಪ್ ಸೆಮಿಫೈನಲ್‌ನಲ್ಲಿ ಭಾರತ ಮತ್ತು ಲೆಬನಾನ್ ಹೆಚ್ಚುವರಿ ಅವಧಿಯವರೆಗೂ ಸೆಣಸಿದವು. ಒಂದು ಗೋಲೂ ಬರಲಿಲ್ಲ. ಪೆನಾಲ್ಟಿ ಶೂಟೌಟ್‌ನಲ್ಲಿ ಭಾರತ 4–2ರಿಂದ ಗೆದ್ದಿತು. ಮೂರು ದಿನಗಳ ನಂತರ ಕುವೈತ್ ವಿರುದ್ಧದ ಫೈನಲ್ ಕೂಡ 1–1ರಲ್ಲಿ ನಿಂತು, ಶೂಟೌಟ್‌ನಲ್ಲಿ 5–4ರಿಂದ ನಮ್ಮದಾಯಿತು. ದಕ್ಷಿಣ ಏಷ್ಯಾದ ಈ ಟೂರ್ನಿಗೆ ಆ ಎರಡೂ ಅತಿಥಿ ತಂಡಗಳು. ಮರುದಿನದ ಪತ್ರಿಕೆಗಳು ಟ್ರೋಫಿಯ ಬಗ್ಗೆ, ತುಂಬಿದ ಗ್ಯಾಲರಿಗಳ ಬಗ್ಗೆ ಬರೆದವು. ಅದೇ ಹೊತ್ತಿನಲ್ಲಿ ನಡೆದಿದ್ದ ಇನ್ನೊಂದು ಲೆಕ್ಕಾಚಾರವನ್ನು ಗಮನಿಸಿದವರು ಕಡಿಮೆ.

ಆ ತಿಂಗಳ 27ರಂದು ಕ್ವಾಲಾಲಂಪುರದಲ್ಲಿ 2026ರ ವಿಶ್ವಕಪ್‌ಗೆ ಏಷ್ಯಾ ವಲಯದ ಅರ್ಹತಾ ಪಂದ್ಯಗಳ ಎರಡನೇ ಸುತ್ತಿನ ಡ್ರಾ ನಡೆಯಿತು. ಮೂವತ್ತಾರು ತಂಡಗಳು, ಒಂಬತ್ತು ಗುಂಪುಗಳು. ತಂಡಗಳನ್ನು ಫಿಫಾ ರ‍್ಯಾಂಕಿಂಗ್ ಪ್ರಕಾರ ಒಂಬತ್ತೊಂಬತ್ತರಂತೆ ನಾಲ್ಕು ‘ಪಾಟ್’ಗಳಲ್ಲಿ ಹಾಕಿ, ಪ್ರತಿ ಪಾಟ್‌ನಿಂದ ಒಂದೊಂದು ಚೀಟಿ ಎತ್ತಿ ಗುಂಪುಗಳನ್ನು ರಚಿಸುವುದು ಕ್ರಮ. ಭಾರತ ಆಗ ವಿಶ್ವದಲ್ಲಿ 99ನೆಯದು, ಏಷ್ಯಾದಲ್ಲಿ 18ನೆಯದು. ಎಂದರೆ ಎರಡನೇ ಪಾಟ್‌ನ ಕಟ್ಟಕಡೆಯ ತಂಡ. ಲೆಬನಾನ್ ಗೆರೆಯ ಆಚೆಗೆ, ಮೂರನೇ ಪಾಟ್‌ಗೆ ಬಿತ್ತು. ಪ್ರತಿ ಗುಂಪಿನಿಂದ ಮೊದಲ ಎರಡು ತಂಡಗಳಿಗೆ ಮಾತ್ರ ಮುಂದಿನ ಸುತ್ತಿಗೂ 2027ರ ಏಷ್ಯಾಕಪ್‌ಗೂ ನೇರ ಪ್ರವೇಶವಿದ್ದುದರಿಂದ, ಎರಡನೇ ಪಾಟ್‌ನಲ್ಲಿರುವುದೆಂದರೆ ತನಗಿಂತ ಬಲಿಷ್ಠವಾದ ಒಂದೇ ತಂಡವನ್ನು ಎದುರಿಸುವುದು. ಮೂರನೆಯದರಲ್ಲಿದ್ದರೆ ಎರಡನ್ನು.

ಇದಕ್ಕೆ ಎರಡೂವರೆ ತಿಂಗಳ ಹಿಂದೆ, ಮೇ 11ರಂದು, ದೋಹಾದಲ್ಲಿ ಏಷ್ಯಾಕಪ್ ಡ್ರಾ ನಡೆದಾಗ ಚಿತ್ರ ತಲೆಕೆಳಗಾಗಿತ್ತು. ಅಂದು ಲೆಬನಾನ್ ನಮಗಿಂತ ತುಸು ಮೇಲಿದ್ದು ಮೂರನೇ ಪಾಟ್‌ನಲ್ಲಿತ್ತು. ಭಾರತ ನಾಲ್ಕನೆಯದಕ್ಕೆ ಜಾರಿ, ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ, ಸಿರಿಯಾಗಳಿದ್ದ ಗುಂಪಿಗೆ ಸೇರಿತು. ಎರಡು ತಂಡಗಳ ಆಟದಲ್ಲಿ ಆಕಾಶ-ಭೂಮಿಯ ಅಂತರವೇನೂ ಇರಲಿಲ್ಲ. ಅಂತರವನ್ನು ಸೃಷ್ಟಿಸಿದ್ದು ಗೆರೆ.

ನಮ್ಮ ಕ್ರೀಡಾಪುಟಗಳು ರ‍್ಯಾಂಕಿಂಗ್ ಹಾಗೂ ಸೀಡಿಂಗ್ ಎರಡಕ್ಕೂ ‘ಶ್ರೇಯಾಂಕ’ ಎಂಬ ಒಂದೇ ಪದವನ್ನು ಬಳಸುವುದರಿಂದ ಓದುಗರಿಗೆ ಗೊಂದಲವಾಗುವುದುಂಟು. ರ‍್ಯಾಂಕಿಂಗ್ ಎಂಬುದು ಕಳೆದ ಆಟಗಳ ಲೆಕ್ಕಪುಸ್ತಕ. ಆ ಪುಸ್ತಕವನ್ನು ನೋಡಿ, ಮುಂಬರುವ ಟೂರ್ನಿಯಲ್ಲಿ ಬಲಿಷ್ಠರು ಆರಂಭದಲ್ಲೇ ಪರಸ್ಪರ ಎದುರಾಗದಂತೆ ಅವರನ್ನು ದೂರದೂರ ಕೂರಿಸುವ ಏರ್ಪಾಟು ಸೀಡಿಂಗ್. ಇಲ್ಲಿ ಶ್ರೇಯಾಂಕ ಎಂದಾಗ ನನ್ನ ಉದ್ದೇಶ ಈ ಎರಡನೆಯದು.

ಏರ್ಪಾಟು ಹೊಸದಲ್ಲ. 1930ರ ಮೊದಲ ವಿಶ್ವಕಪ್‌ನಲ್ಲೇ ಅರ್ಜೆಂಟೀನಾ, ಬ್ರೆಜಿಲ್, ಉರುಗ್ವೆ ಮತ್ತು ಅಮೆರಿಕವನ್ನು ಬೇರೆಬೇರೆ ಗುಂಪುಗಳ ಮುಖ್ಯ ತಂಡಗಳೆಂದು ಗುರುತಿಸಲಾಗಿತ್ತು. 1950ರಲ್ಲಿ ಆ ಗೌರವ ಬ್ರೆಜಿಲ್, ಇಂಗ್ಲೆಂಡ್, ಇಟಲಿ, ಉರುಗ್ವೆಗೆ ಸಂದಿತು. ಇಟಲಿಯ ಗುಂಪಿನಲ್ಲಿ ಸ್ವೀಡನ್, ಪರಾಗ್ವೆಗಳೊಡನೆ ಭಾರತದ ಹೆಸರೂ ಇತ್ತು. ನಾವು ಹೋಗಲಿಲ್ಲ. ಅದರ ಕಾರಣಗಳ ಚರ್ಚೆ ಬೇರೆಯದೇ ಲೇಖನ ಬೇಡುತ್ತದೆ.

ಆತಿಥೇಯ ರಾಷ್ಟ್ರಕ್ಕೆ ಬಲಾಬಲ ನೋಡದೆ ಮೊದಲ ಪಾಟ್‌ನಲ್ಲಿ ಜಾಗ ಕೊಡುವ ರೂಢಿಯೂ ಬೆಳೆದುಬಂದಿದೆ. 2022ರಲ್ಲಿ ಕತಾರ್ ಆ ಪೀಠದಲ್ಲಿ ಕುಳಿತು ಮೂರೂ ಪಂದ್ಯಗಳನ್ನು ಸೋತಿತು. 2026ರ ವಿಶ್ವಕಪ್‌ಗಾಗಿ 2025ರ ಡಿಸೆಂಬರ್ 5ರಂದು ವಾಷಿಂಗ್ಟನ್‌ನಲ್ಲಿ ನಡೆದ ಡ್ರಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮೂರು ಆತಿಥೇಯ ದೇಶಗಳು ಮೊದಲ ಪಾಟ್‌ನಲ್ಲಿದ್ದುದಲ್ಲದೆ, ರ‍್ಯಾಂಕಿಂಗ್‌ನ ಮೊದಲ ನಾಲ್ಕು ಸ್ಥಾನಗಳಲ್ಲಿದ್ದ ಸ್ಪೇನ್, ಅರ್ಜೆಂಟೀನಾ, ಫ್ರಾನ್ಸ್, ಇಂಗ್ಲೆಂಡ್ ತಂತಮ್ಮ ಗುಂಪುಗಳನ್ನು ಗೆದ್ದರೆ ಸೆಮಿಫೈನಲ್‌ಗಿಂತ ಮುಂಚೆ ಒಂದಕ್ಕೊಂದು ಎದುರಾಗದಂತೆ, ಟೆನಿಸ್ ಮಾದರಿಯಲ್ಲಿ, ಡ್ರಾವನ್ನೇ ಹೆಣೆಯಲಾಯಿತು. ಇನ್ನೊಂದೆಡೆ, ಪ್ಲೇಆಫ್ ಮುಗಿಯದೆ ಹೆಸರು ತೀರ್ಮಾನವಾಗದಿದ್ದ ಆರು ಸ್ಥಾನಗಳನ್ನು ಒಟ್ಟಾಗಿ ನಾಲ್ಕನೇ ಪಾಟ್‌ಗೆ ಹಾಕಲಾಯಿತು. ಆ ಸ್ಥಾನಗಳಿಗಾಗಿ ಕಾದಿದ್ದವರಲ್ಲಿ ನಾಲ್ಕು ಬಾರಿಯ ಚಾಂಪಿಯನ್ ಇಟಲಿಯೂ ಇತ್ತು. ಕೊನೆಯ ಪಾಟ್‌ನಲ್ಲಿರುವವರೆಲ್ಲ ಕೊನೆಯವರಲ್ಲ ಎಂಬುದಕ್ಕೆ ಇದಕ್ಕಿಂತ ಸರಳ ನಿದರ್ಶನ ಬೇಕೆ?

ಇಂಡಿ ತಾಲ್ಲೂಕಿನಲ್ಲಿ, ಭೀಮಾ ತೀರದ ಅಗರಖೇಡದ ಸೀಮೆಯಲ್ಲಿ ಬೆಳೆದವರಿಗೆ ಈ ವ್ಯವಸ್ಥೆ ವಿಚಿತ್ರವಾಗಿ ಕಾಣುವುದು ಸಹಜ. ಅಲ್ಲಿನ ಜಾತ್ರೆಗಳ ಕುಸ್ತಿಯಲ್ಲಿ ಜೋಡಿ ಹಚ್ಚುವುದು ಹಿರಿಯರ ಕೆಲಸ. ಇಬ್ಬರು ಹುಡುಗರ ಕೈ ಹಿಡಿದು ಕಣದ ಸುತ್ತ ನಡೆಸಿ ನೆರೆದವರಿಗೆ ತೋರಿಸುತ್ತಾರೆ. ಎತ್ತರ, ಭುಜ, ಹಿಂದಿನ ಜಾತ್ರೆಯಲ್ಲಿ ಯಾರನ್ನು ಚಿತ್ ಮಾಡಿದ್ದ ಎಂಬ ನೆನಪು, ಇಷ್ಟೇ ಅವರ ರ‍್ಯಾಂಕಿಂಗ್. ಜೋಡಿ ಸರಿಯಿಲ್ಲವೆಂದು ಕಂಡರೆ ಜನ ಕೂಗೆಬ್ಬಿಸುತ್ತಾರೆ. ಹಿರಿಯರು ಮರುಮಾತಿಲ್ಲದೆ ಬೇರೆ ಜೋಡಿ ಹುಡುಕುತ್ತಾರೆ. ತೆಂಗಿನಕಾಯಿಯ ಕುಸ್ತಿಯಿಂದ ಹಿಡಿದು ಬೆಳ್ಳಿ ಕಡಗದ ಕೊನೆಯ ಕುಸ್ತಿಯವರೆಗೆ ನಿಯಮ ಒಂದೇ: ಸಮಬಲರಿಗೆ ಸಮಬಲರು. ಫುಟ್‌ಬಾಲಿನ ಶ್ರೇಯಾಂಕದ ತತ್ತ್ವ ಇದಕ್ಕೆ ನೇರ ವಿರುದ್ಧ. ಅಲ್ಲಿ ಸಮಬಲರನ್ನು ಬೇರ್ಪಡಿಸಿ, ಬಲ್ಲವನ ಮುಂದೆ ಬಲವಿಲ್ಲದವನನ್ನು ನಿಲ್ಲಿಸಲಾಗುತ್ತದೆ. ಜಾತ್ರೆಯಲ್ಲಿ ಪ್ರತಿ ಕುಸ್ತಿಯೂ ನೋಡತಕ್ಕದ್ದಾಗಬೇಕು. ವಿಶ್ವಕಪ್‌ನಲ್ಲಿ ಕೊನೆಯ ವಾರ ನೋಡತಕ್ಕದ್ದಾದರೆ ಸಾಕು. ಪ್ರಸಾರ ಹಕ್ಕಿನ ಬೆಲೆ ನಿರ್ಧಾರವಾಗುವುದು ಅಲ್ಲಿ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಈ ತರ್ಕವನ್ನು ನಾನು ತಳ್ಳಿಹಾಕಲಾರೆ. ಆದರೆ ಅದನ್ನು ನ್ಯಾಯವೆಂದು ಕರೆಯುವುದು ಬೇಡ.

ಇನ್ನು ಲೆಕ್ಕಪುಸ್ತಕದ ವಿಚಾರ. 1992ರ ಡಿಸೆಂಬರ್‌ನಲ್ಲಿ ಆರಂಭವಾದ ಫಿಫಾ ರ‍್ಯಾಂಕಿಂಗ್‌ನ ಸೂತ್ರ ಹಲವು ಬಾರಿ ಬದಲಾಗಿದೆ. 2018ರವರೆಗೆ ಜಾರಿಯಲ್ಲಿದ್ದ ಪದ್ಧತಿಯಲ್ಲಿ ಪಂದ್ಯಗಳ ಅಂಕಗಳನ್ನು ಸರಾಸರಿ ಮಾಡುತ್ತಿದ್ದರು. ಸ್ನೇಹಪಂದ್ಯಕ್ಕೆ ತೂಕ ಕಡಿಮೆಯಾದ್ದರಿಂದ, ಅದನ್ನು ಗೆದ್ದರೂ ಸರಾಸರಿ ಇಳಿಯುವ ಸಂಭವವಿತ್ತು. ಇದನ್ನು ಅರಿತ ಪೋಲೆಂಡ್ ಸ್ನೇಹಪಂದ್ಯಗಳಿಂದ ದೂರವುಳಿದು ಸರಾಸರಿಯನ್ನು ಕಾಪಾಡಿಕೊಂಡಿತು. 2017ರ ಡಿಸೆಂಬರ್‌ನಲ್ಲಿ ಮಾಸ್ಕೊದಲ್ಲಿ ಡ್ರಾ ನಡೆದಾಗ ಅದು ಮೊದಲ ಪಾಟ್‌ನಲ್ಲಿತ್ತು. ಸ್ಪೇನ್, ಇಂಗ್ಲೆಂಡ್ ಎರಡನೆಯದರಲ್ಲಿದ್ದವು. ಮರುವರ್ಷ ರಷ್ಯಾದಲ್ಲಿ ಪೋಲೆಂಡ್ ಸೆನೆಗಲ್‌ಗೂ ಕೊಲಂಬಿಯಾಕ್ಕೂ ಸೋತು ಗುಂಪಿನ ತಳದಲ್ಲಿ ಉಳಿಯಿತು. ನಿಯಮವನ್ನು ಅದು ಮುರಿದಿರಲಿಲ್ಲ, ಓದಿತ್ತು ಅಷ್ಟೆ. ಆದಾಯ ತೆರಿಗೆ ಕಾನೂನನ್ನು ಹೀಗೆ ಓದುವವರನ್ನು ನಾವು ಜಾಣರೆನ್ನುತ್ತೇವೆ.

2018ರ ಆಗಸ್ಟ್‌ನಿಂದ ಬಂದ ಹೊಸ ಸೂತ್ರಕ್ಕೆ ಮೂಲ ಚದುರಂಗದ ಈಲೊ ಪದ್ಧತಿ. ಪ್ರತಿ ಪಂದ್ಯಕ್ಕೆ ಮುನ್ನ ಉಭಯ ತಂಡಗಳ ಅಂಕಗಳ ಅಂತರದಿಂದ ‘ನಿರೀಕ್ಷಿತ ಫಲ’ವನ್ನು ಕಂಡುಕೊಂಡು, ನಿಜವಾದ ಫಲ ಅದಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆಯೋ ಅದನ್ನು ಪಂದ್ಯದ ತೂಕದಿಂದ ಗುಣಿಸುತ್ತಾರೆ. ನಿಗದಿತ ಅವಧಿಯ ಹೊರಗಿನ ಸ್ನೇಹಪಂದ್ಯಕ್ಕೆ ತೂಕ 5, ಒಳಗಿನದಕ್ಕೆ 10, ಅರ್ಹತಾ ಪಂದ್ಯಕ್ಕೆ 25, ಏಷ್ಯಾಕಪ್‌ನಂಥ ಖಂಡಮಟ್ಟದ ಟೂರ್ನಿಯ ಆರಂಭದ ಪಂದ್ಯಗಳಿಗೆ 35, ವಿಶ್ವಕಪ್‌ನ ಕೊನೆಯ ಹಂತಕ್ಕೆ 60. ಉದಾಹರಣೆಗೆ, 200 ಅಂಕ ಹೆಚ್ಚಿರುವ ತಂಡವನ್ನು ಅರ್ಹತಾ ಪಂದ್ಯದಲ್ಲಿ ಸೋಲಿಸಿದರೆ ಸುಮಾರು 17 ಅಂಕ ದೊರೆಯುತ್ತದೆ. ಬಲಿಷ್ಠ ತಂಡವೇ ಗೆದ್ದರೆ ಅದಕ್ಕೆ ಬರುವುದು ಸುಮಾರು 8. ಶೂಟೌಟ್‌ಗೆ ವಿಶೇಷ ಲೆಕ್ಕವಿದೆ: ಗೆದ್ದವರಿಗೆ ಮುಕ್ಕಾಲು ಗೆಲುವು, ಸೋತವರಿಗೆ ಡ್ರಾ ಮಾಡಿಕೊಂಡಷ್ಟು ಫಲ. ಕಂಠೀರವದ ಎರಡು ಶೂಟೌಟ್‌ಗಳಿಂದ ಸಿಕ್ಕಿದ್ದು ಇಂಥ ಚಿಲ್ಲರೆಯೇ. ಏಷ್ಯಾದ 18 ಮತ್ತು 19ನೆಯ ಸ್ಥಾನಗಳ ನಡುವಿನ ಗೆರೆಯಲ್ಲಿ ಆ ಚಿಲ್ಲರೆಗೂ ಬೆಲೆಯಿತ್ತು.

ಚಿಲ್ಲರೆ ಕೂಡಿಡುವುದು ನಿಧಾನ, ಕಳೆಯುವುದು ಬೇಗ. 2024ರ ಜನವರಿಯಲ್ಲಿ ಏಷ್ಯಾಕಪ್‌ನ ಮೂರು ಪಂದ್ಯಗಳನ್ನು ಸೋತ ಭಾರತ 102ರಿಂದ 117ಕ್ಕೆ ಕುಸಿಯಿತು. ನಮ್ಮೊಡನೆ ನಾಲ್ಕನೇ ಪಾಟ್‌ನಲ್ಲಿದ್ದ ತಜಿಕಿಸ್ತಾನ ಅದೇ ಟೂರ್ನಿಯಲ್ಲಿ ಲೆಬನಾನ್ ಮತ್ತು ಯುಎಇ ತಂಡಗಳನ್ನು ಮಣಿಸಿ ಎಂಟರ ಘಟ್ಟಕ್ಕೇರಿತು. ಅದಕ್ಕೆ ಅದು ಮೊದಲ ಏಷ್ಯಾಕಪ್.

ಎರಡನೇ ಪಾಟ್ ನಮಗೆ ಕೊಟ್ಟಿದ್ದೇನು? ಕತಾರ್, ಕುವೈತ್, ಅಫ್ಗಾನಿಸ್ತಾನಗಳಿದ್ದ ಗುಂಪು. ಇದಕ್ಕಿಂತ ಅನುಕೂಲಕರ ಗುಂಪನ್ನು ಬಯಸುವುದು ಕಷ್ಟವಿತ್ತು. ಕುವೈತ್ ನಗರದಲ್ಲಿ ಗೆದ್ದು ಶುಭಾರಂಭ ಮಾಡಿದ ತಂಡ, 2024ರ ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ಅಫ್ಗಾನಿಸ್ತಾನಕ್ಕೆ 1–2ರಿಂದ ಸೋತಿತು. ಜೂನ್ 6ರಂದು ಕೋಲ್ಕತ್ತದಲ್ಲಿ, ಸುನಿಲ್ ಚೆಟ್ರಿ ಅವರ ವಿದಾಯದ ಪಂದ್ಯವೆಂದು ಆಗ ಘೋಷಿತವಾಗಿದ್ದ ಪಂದ್ಯದಲ್ಲಿ, ಕುವೈತ್ ಜೊತೆ ಗೋಲಿಲ್ಲದ ಡ್ರಾ. ಕೊನೆಗೆ ದೋಹಾದಲ್ಲಿ, ಚೆಂಡು ಗೆರೆ ದಾಟಿದ್ದರೂ ಕತಾರ್‌ಗೆ ಗೋಲು ಸಂದು 1–2ರ ಸೋಲು. ಆ ಪಂದ್ಯ ಗೆದ್ದಿದ್ದರೆ ಎರಡನೇ ಸ್ಥಾನ ನಮ್ಮದಾಗುತ್ತಿತ್ತು. ತೀರ್ಪುಗಾರರ ತಪ್ಪು ನಿಜ. ಆದರೆ ಗುವಾಹಟಿಯ ಸೋಲಿಗೆ ಯಾವ ತೀರ್ಪುಗಾರರನ್ನು ದೂರೋಣ?

ಅದೇ ವರ್ಷದ ಡಿಸೆಂಬರ್‌ನಲ್ಲಿ ಏಷ್ಯಾಕಪ್ ಅರ್ಹತಾ ಪಂದ್ಯಗಳ ಡ್ರಾದಲ್ಲಿ ಭಾರತಕ್ಕೆ ಮೊದಲ ಪಾಟ್‌ನ ಮನ್ನಣೆಯೇ ದೊರೆಯಿತು. ಗುಂಪಿನಲ್ಲಿದ್ದ ಹಾಂಗ್‌ಕಾಂಗ್, ಸಿಂಗಪುರ, ಬಾಂಗ್ಲಾದೇಶ ಮೂರೂ ರ‍್ಯಾಂಕಿಂಗ್‌ನಲ್ಲಿ ನಮಗಿಂತ ಕೆಳಗಿನವು. 2025ರಲ್ಲಿ ಭಾರತ ಮೂರಕ್ಕೂ ಒಂದೊಂದು ಪಂದ್ಯ ಸೋತಿತು. ಮಡಗಾಂವ್‌ನ ನಮ್ಮದೇ ಅಂಗಣದಲ್ಲಿ 2–1ರಿಂದ ಗೆದ್ದ ಸಿಂಗಪುರ ಏಷ್ಯಾಕಪ್‌ಗೆ ಹೋಯಿತು.

ವರ್ಗೀಕರಣದ ಗೆರೆಗಳ ಪರಿಚಯ ನನ್ನಂಥ ನಿವೃತ್ತ ಅಧಿಕಾರಿಗಳಿಗೆ ಬೇರೆ ಕಡೆಯಿಂದ ಉಂಟು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚಕಗಳನ್ನು ಬಳಸಿ, ಅಂದಿನ 175 ತಾಲ್ಲೂಕುಗಳನ್ನು ಅಳೆದು, ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು, 0.79 ಹಾಗೂ ಅದಕ್ಕಿಂತ ಕೆಳಗಿನವನ್ನು ‘ಅತ್ಯಂತ ಹಿಂದುಳಿದ’ವೆಂದು ಕರೆಯಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಆ ಕೊನೆಯ ಪಾಟ್‌ನಲ್ಲಿದ್ದವು. ಅಲ್ಲೂ ಗೆರೆಯ ಈಚೆ-ಆಚೆಯ ತಕರಾರುಗಳಿದ್ದವು. ವ್ಯತ್ಯಾಸವೆಂದರೆ, ಸಮಿತಿ ಪಟ್ಟಿ ಮಾಡಿದ್ದು ಕೊನೆಯವರಿಗೆ ಹೆಚ್ಚು ಅನುದಾನ ಸಿಗಲೆಂದು. ಫಿಫಾ ಪಟ್ಟಿ ಮೊದಲಿನವರಿಗೆ ಹಾದಿಯನ್ನು ಇನ್ನಷ್ಟು ಹಸನು ಮಾಡುತ್ತದೆ. ಉಳ್ಳವರಿಗೆ ಇನ್ನಷ್ಟು ಕೂಡಿಬರುವ ಈ ಸುಳಿಯನ್ನು ಗುನ್ನಾರ್ ಮಿರ್ಡಾಲ್ ದಶಕಗಳ ಹಿಂದೆಯೇ ವಿವರಿಸಿದ್ದರು. ಅವರು ಬರೆದದ್ದು ಪ್ರದೇಶಗಳ ಬಗ್ಗೆ.

ಫಿಫಾದ ಪಟ್ಟಿ ಫಿಫಾದ ಡ್ರಾಗೆ ಸೀಮಿತವಾಗಿದ್ದರೆ ನನ್ನ ಆಕ್ಷೇಪ ಇಷ್ಟಕ್ಕೇ ನಿಲ್ಲುತ್ತಿತ್ತು. ನಮ್ಮ ಆಡಳಿತ ಅದನ್ನು ಎರವಲು ಪಡೆದು ಬಾಗಿಲಿಗೆ ಕಾವಲು ಇಟ್ಟಿತು. ಏಷ್ಯನ್ ಕ್ರೀಡಾಕೂಟಕ್ಕೆ ತಂಡವನ್ನು ಕಳುಹಿಸಬೇಕಾದರೆ ಅದು ಏಷ್ಯಾದ ಮೊದಲ ಎಂಟರಲ್ಲಿರಬೇಕು ಎಂಬುದು ಆ ಮಾನದಂಡ. ಇದೇ ಕಾರಣಕ್ಕೆ 2018ರಲ್ಲಿ ಫುಟ್‌ಬಾಲ್ ತಂಡ ಜಕಾರ್ತಕ್ಕೆ ಹೋಗಲಿಲ್ಲ. 2023ರಲ್ಲೂ ಅದೇ ಗತಿಯಾಗಲಿತ್ತು. ಜುಲೈ 26ರಂದು, ಮೇಲೆ ಹೇಳಿದ ಕ್ವಾಲಾಲಂಪುರ ಡ್ರಾದ ಹಿಂದಿನ ದಿನ, ಕೇಂದ್ರ ಕ್ರೀಡಾ ಸಚಿವಾಲಯ ನಿಯಮವನ್ನು ಸಡಿಲಿಸಿತು. ಏಷ್ಯನ್ ಕ್ರೀಡಾಕೂಟದ ಪುರುಷರ ಫುಟ್‌ಬಾಲ್ ಮೂಲತಃ ಯುವ ಆಟಗಾರರದ್ದು. ಹಿರಿಯರಿಗೆ ಅಲ್ಲಿ ಮೂರೇ ಸ್ಥಾನ. ಹಿರಿಯರ ತಂಡದ ರ‍್ಯಾಂಕಿಂಗ್ ನೋಡಿ ಕಿರಿಯರ ಪ್ರಯಾಣವನ್ನು ತಡೆಯುವ ಕಡತಕ್ಕೆ ಯಾರೋ ಸಹಿ ಮಾಡಿದ್ದರು ಎಂಬುದನ್ನು ನೆನೆದರೆ, ಕಡತಗಳ ನಡುವೆಯೇ ಬಾಳು ಸವೆಸಿದ ನನಗೂ ಸೋಜಿಗವಾಗುತ್ತದೆ. ಅಧಿಕಾರಿಗೆ ಅಂಕಿಯ ಮೇಲೆ ಪ್ರೀತಿ ಹೆಚ್ಚು, ಏಕೆಂದರೆ ಅಂಕಿ ಅವನ ಪರವಾಗಿ ತೀರ್ಮಾನ ಕೈಗೊಳ್ಳುತ್ತದೆ; ನಾಳೆ ಪ್ರಶ್ನೆ ಬಂದರೆ ಉತ್ತರವೂ ಸಿದ್ಧ. ಹಾಂಗ್‌ಝೌಗೆ ಹೋದ ಆ ತಂಡ ಚೀನಾಕ್ಕೆ 1–5ರಿಂದ ಸೋತರೂ ಬಾಂಗ್ಲಾದೇಶವನ್ನು ಮಣಿಸಿ ಹದಿನಾರರ ಘಟ್ಟ ತಲುಪಿ, ಸೌದಿ ಅರೇಬಿಯಾಕ್ಕೆ ಶರಣಾಯಿತು. ಮಹಾಸಾಧನೆಯಲ್ಲ. ಆದರೆ ಮನೆಯಲ್ಲಿ ಕುಳಿತಿದ್ದರೆ ಅಷ್ಟೂ ಆಗುತ್ತಿರಲಿಲ್ಲ.

ಈ ಮಾನದಂಡವನ್ನು ಪ್ರತಿ ಬಾರಿಯೂ ಸಚಿವರ ಕೃಪೆಯಿಂದ ಸಡಿಲಿಸುವ ಬದಲು, ಫುಟ್‌ಬಾಲಿನಂಥ ತಂಡದ ಕ್ರೀಡೆಗಳ ಮಟ್ಟಿಗಾದರೂ ಕೈಬಿಡುವುದು ಲೇಸು. ವರ್ಷಕ್ಕೆ ಎಷ್ಟು ಬಾರಿ ತಮಗಿಂತ ಬಲಿಷ್ಠರನ್ನು ಎದುರಿಸಿದರು, ಎಷ್ಟು ಹೊಸ ಹುಡುಗರನ್ನು ಅಂಗಣಕ್ಕಿಳಿಸಿದರು ಎಂದು ಫೆಡರೇಷನ್ನನ್ನು ಕೇಳಬಹುದು. ರ‍್ಯಾಂಕಿಂಗ್ ಕೆಡುತ್ತದೆಂಬ ಭಯದಿಂದ ಬಲ್ಲವರ ಜೊತೆ ಆಡದಿರುವುದು ನಾಚಿಕೆಯ ವಿಷಯವೆಂದು ಬರೆಯುವ ಅಧಿಕೃತ ಟಿಪ್ಪಣಿಯನ್ನು ನಾನಂತೂ ಇದುವರೆಗೆ ಕಂಡಿಲ್ಲ.

2025ರ ಜುಲೈ 5ರಂದು ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಭಾರತದ ಮಹಿಳಾ ತಂಡ ಏಷ್ಯಾಕಪ್ ಅರ್ಹತಾ ಗುಂಪಿನ ಕೊನೆಯ ಪಂದ್ಯವನ್ನಾಡಿತು. ಗುಂಪಿನಿಂದ ಒಂದೇ ತಂಡಕ್ಕೆ ಅವಕಾಶ. ಎದುರಾಳಿ ಥಾಯ್ಲೆಂಡ್ ಆತಿಥೇಯ ತಂಡ, ರ‍್ಯಾಂಕಿಂಗ್‌ನಲ್ಲಿ ನಮಗಿಂತ ಇಪ್ಪತ್ತಕ್ಕೂ ಹೆಚ್ಚು ಸ್ಥಾನ ಮೇಲಿನದು. ಸಂಗೀತಾ ಬಾಸ್ಫೋರ್ ಅವರ ಎರಡು ಗೋಲುಗಳಿಂದ ಭಾರತ 2–1ರಿಂದ ಗೆದ್ದಿತು. ಅರ್ಹತಾ ಪಂದ್ಯಗಳನ್ನು ಆಡಿ ನಮ್ಮ ಮಹಿಳೆಯರು ಏಷ್ಯಾಕಪ್ ಪ್ರವೇಶಿಸಿದ್ದು ಅದೇ ಮೊದಲು.